ಐದಡಿ ರ‍್ಯಾಂಪ್

ಪಡುಬಿದ್ರಿಯ ಎಂಡ್ ಪಾಯಿಂಟ್ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದರ ಷರತ್ತುಗಳಲ್ಲಿ ಅಂಗವಿಕಲರ ಸೌಲಭ್ಯವೂ ಸೇರಿದೆ ಎಂದು ತಿಳಿದದ್ದೇ ತಡ, ಆ ಕಡೆ ಹೋಮ್‌ಸ್ಟೇ ನಡೆಸುವ ನಾನೂ ಜಗಲಿಯ ಮೆಟ್ಟಿಲ ಮೇಲೆ ಸಿಮೆಂಟ್ ಹಾಕಿಸಿ, ಜಾಹೀರಾತಿನಲ್ಲಿ ‘ವೀಲ್‌ಚೇರ್ ಸೌಲಭ್ಯವಿದೆ’ ಎಂದು ಸೇರಿಸಿಬಿಟ್ಟೆ. ಅಳತೆಯನ್ನು ಯಾರಲ್ಲೂ ವಿಚಾರಿಸಲಿಲ್ಲ.

ಅದನ್ನು ನಂಬಿ ಧಾರವಾಡದಿಂದ ನಿವೃತ್ತ ಅಧ್ಯಾಪಕಿಯೊಬ್ಬರು ತಮ್ಮನೊಂದಿಗೆ ಬಂದರು. ವೀಲ್‌ಚೇರ್ ಒಂದಡಿ ಎತ್ತರ ಏರಲು ಹನ್ನೆರಡು ಅಡಿ ಇಳಿಜಾರು ಬೇಕು. ನನ್ನ ಜಗಲಿ ಒಂದೂವರೆ ಅಡಿ. ಹದಿನೆಂಟು ಅಡಿ ಬೇಕಾದಲ್ಲಿ ನಾನು ಮಾಡಿಸಿದ್ದು ಐದಡಿ. ಕುರ್ಚಿ ಹಿಂದಕ್ಕೆ ಮಗುಚದಂತೆ ಅವರ ತಮ್ಮ ಎದೆಕೊಟ್ಟು ನೂಕಿದರು. ಬಚ್ಚಲಿನ ಬಾಗಿಲು 24 ಇಂಚು, ಅವರ ಕುರ್ಚಿ 26. ಇಷ್ಟರ ಮೇಲೆ, ಎದುರಿಗೇ ಕೂತಿದ್ದ ಅವರನ್ನು ಬಿಟ್ಟು “ಅಕ್ಕನವರಿಗೆ ಊಟ ಕೋಣೆಗೇ ಕಳಿಸಲಾ?” ಎಂದು ತಮ್ಮನನ್ನು ಕೇಳಿದೆ!

ಸಂಜೆ ಅವರು ನೀರು ಮುಟ್ಟಬೇಕು ಎಂದರು. “ಅದಕ್ಕೇನು, ನಮ್ಮ ಹುಡುಗರು ಎತ್ತಿಕೊಂಡು ಹೋಗ್ತಾರೆ” ಎಂದೆ. ಎತ್ತುವ ತೋಳುಗಳಿದ್ದರೆ ದಾರಿ ಯಾಕೆ ಎಂಬುದು ನಮ್ಮ ಕಡೆಯ ಔದಾರ್ಯ.

“ಎತ್ತೂದು ಬ್ಯಾಡ್ರಿ. ಕುರ್ಚಿ ಹೋಗ್ತದ ಅಂತ ಬರದೀರಿ, ಎತ್ತತೀವಿ ಅಂತ ಬರದಿಲ್ಲ” ಎಂದರು.

ನನಗೆ ಛಲ ಬಂತು. ಒಣ ಹೊಯ್ಗೆಯಲ್ಲೇ ಮುಂದಕ್ಕೆ ನೂಕಿಸಿದೆ. ಹತ್ತು ಹೆಜ್ಜೆಯೂ ದಾಟಿರಲಿಲ್ಲ, ಮುಂದಿನ ಸಣ್ಣ ಚಕ್ರಗಳು ಹೂತು, ಅವರು ಮುಗ್ಗರಿಸಿ ಬಿದ್ದರು. ಮೊಣಕಾಲು ತರಚಿತು. ಆಗ ಬೇರೆ ದಾರಿಯೇ ಇರಲಿಲ್ಲ, ಹುಡುಗರು ಎತ್ತಲೇಬೇಕಾಯಿತು.

ಮರುದಿನ ಅವರೇ ಹೇಳಿಕೊಟ್ಟರು: ಮುಂಚಕ್ರ ಎತ್ತಿ, ದೊಡ್ಡ ಚಕ್ರಗಳ ಮೇಲೆ ಕುರ್ಚಿಯನ್ನು ಹಿಮ್ಮುಖವಾಗಿ ಎಳೆಯಬೇಕು. ಇಳಿತದ ಹೊತ್ತಿಗೆ ನೀರಂಚಿನ ಒದ್ದೆ ಮರಳು ಬೈಕ್ ಓಡುವಷ್ಟು ಗಟ್ಟಿ ಎಂಬುದು ಇಲ್ಲಿ ಹುಟ್ಟಿದ ನನಗೆ ಗೊತ್ತೇ ಇತ್ತು. ಅದನ್ನು ಕುರ್ಚಿಗೆ ಹೊಂದಿಸಿ ಯೋಚಿಸಿರಲಿಲ್ಲ, ಅಷ್ಟೆ. ಆದರೂ ಅಲ್ಲಿಯವರೆಗಿನ ಒಣ ಮರಳಿಗೆ ಅಗಲವಾದ ಬಲೂನ್ ಚಕ್ರದ ಬೀಚ್ ಕುರ್ಚಿಯೋ, ಹಾಸುವ ಚಾಪೆಯೋ ಬೇಕೇ ಬೇಕು.

ಚೆನ್ನೈನ ಮರೀನಾ ಬೀಚಿನಲ್ಲಿ 2022ರ ನವೆಂಬರಿನಲ್ಲಿ ವೀಲ್‌ಚೇರಿಗಾಗಿಯೇ ನೀರಿನತ್ತ 263 ಮೀಟರಿನ ಮರದ ದಾರಿ ಮಾಡಿದರು. ಎರಡೇ ವಾರದಲ್ಲಿ ಮಾಂಡೌಸ್ ಚಂಡಮಾರುತ ಅದನ್ನು ಕೆಡಿಸಿತು. “ನೋಡಿ, ಕಡಲು ಇರಗೊಡುವುದಿಲ್ಲ” ಎಂದು ನೆಪಕ್ಕೆ ಅದನ್ನೇ ಬಳಸಿದೆ. ಚೆನ್ನೈಯವರು ಆ ದಾರಿಯನ್ನು ಮತ್ತೆ ದುರಸ್ತಿ ಮಾಡಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಜಾಹೀರಾತಿನ ಆ ಸಾಲು ತೆಗೆದಿದ್ದೇನೆ. ಅದರ ಜಾಗದಲ್ಲಿ ಬಾಗಿಲಿನ ಇಂಚು, ಜಗಲಿಯ ಎತ್ತರ, ಮನೆಯಿಂದ ನೀರಿಗೆ ಎಷ್ಟು ಮರಳು ಎಂಬುದಿದೆ. ಬಚ್ಚಲಿನ ಬಾಗಿಲು ಈಗ 36 ಇಂಚು. ಹದಿನೆಂಟು ಅಡಿಯ ರ‍್ಯಾಂಪಿಗೆ ಅಂಗಳದ ತೆಂಗಿನಮರವೊಂದು ಅಡ್ಡವಿದೆ. ದಾರಿಯನ್ನು ಮರದ ಪಕ್ಕದಿಂದ ತಿರುಗಿಸಬಹುದೇ ಎಂದು ಮೇಸ್ತ್ರಿಯ ಹತ್ತಿರ ಅಳೆಸುತ್ತಿದ್ದೇನೆ.