ರಾಣಿಗಂಜ್‌ನಲ್ಲಿ ಒಂದು ಪಾನಾ ಸೆಟ್ಟು

ಅಕ್ಕನ ಮಗ ಹುಮನಾಬಾದಿನಲ್ಲಿ ಬೈಕ್ ಗ್ಯಾರೇಜ್ ಹಾಕುತ್ತೇನೆ ಎಂದಾಗ, ಟೂಲ್ಸ್ ಖರ್ಚು ನನ್ನದು ಎಂದು ಮಾತು ಕೊಟ್ಟುಬಿಟ್ಟೆ. ಅವನು ಐಟಿಐ ಮುಗಿಸಿ ನಾಲ್ಕು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ದುಡಿದ ಹುಡುಗ. ನಾನು ಹದಿನೈದು ವರ್ಷದಿಂದ ಲ್ಯಾಪ್‌ಟಾಪಿನ ಮುಂದೆ ಕೂತವನು. ರಾತ್ರಿ ಎಕ್ಸೆಲ್ ತೆರೆದು ಬ್ರ್ಯಾಂಡು, ಬೆಲೆ, ಪೀಸುಗಳ ಸಂಖ್ಯೆ ಎಂದೆಲ್ಲ ಪಟ್ಟಿ ಮಾಡಿದೆ. 108 ಪೀಸಿನ ಸೆಟ್ಟೊಂದು ಎಲ್ಲಕ್ಕಿಂತ ಲಾಭದ್ದು ಎಂದು ಕಂಡಿತು. ಫೋನಿನಲ್ಲಿ ಹೇಳಿದರೆ ಅವನು ನಕ್ಕ.

“ಮಾಮಾ, ಅದ್ರಾಗ ನನಗ ಬೇಕಾದ್ದು ಇಪ್ಪತ್ತ ಇರ್ತಾವ. ನಾನೇ ಬರ್ತೀನಿ, ರಾಣಿಗಂಜಿಗೆ ಹೋಗೂಣು.”

ಶನಿವಾರ ಜಹೀರಾಬಾದ್ ದಾರಿಯ ಬಸ್ಸಿನಲ್ಲಿ ಬಂದ ಅವನನ್ನು ಕರೆದುಕೊಂಡು ಲಿಂಗಂಪಲ್ಲಿಯಲ್ಲಿ ಎಂಎಂಟಿಎಸ್ ಹತ್ತಿದೆ. ಬೇಗಂಪೇಟೆ ದಾಟಿ, ಹುಸೇನ್ ಸಾಗರದ ಪಕ್ಕದ ಸಂಜೀವಯ್ಯ ಪಾರ್ಕ್ ಆದಮೇಲೆ ಜೇಮ್ಸ್ ಸ್ಟ್ರೀಟ್ ನಿಲ್ದಾಣ. ಅಲ್ಲಿಂದ ರಾಣಿಗಂಜ್ ನಡಿಗೆಯ ದೂರ. ಹೈದರಾಬಾದಿನಲ್ಲಿ ಇಷ್ಟು ವರ್ಷ ಇದ್ದರೂ ನಾನು ಈ ಕಡೆ ಕಾಲಿಟ್ಟಿರಲಿಲ್ಲ. ಬೇರಿಂಗು, ಬೆಲ್ಟು, ಪಂಪು, ವಾಲ್ವು, ತೂಕಕ್ಕೆ ಮಾರುವ ನಟ್ಟು ಬೋಲ್ಟು. ಸಾಲು ಸಾಲು ಅಂಗಡಿ, ಎಲ್ಲ ಕಡೆ ಗ್ರೀಸಿನ ವಾಸನೆ.

ಮಾತು ಮಾತ್ರ ನಮ್ಮೂರಿನದೇ. ಸ್ಪ್ಯಾನರಿಗೆ ‘ಪಾನಾ’, ಸಾಕೆಟ್ಟಿಗೆ ‘ಗೋಟಿ’, ಇಕ್ಕಳಕ್ಕೆ ‘ಪಕ್ಕಡ್’. 1956ರ ತನಕ ಬೀದರ, ಕಲಬುರಗಿ, ರಾಯಚೂರು ಇದೇ ಹೈದರಾಬಾದ್ ರಾಜ್ಯದಲ್ಲಿದ್ದವಲ್ಲ. ಗಡಿ ಬದಲಾದರೂ ಪಾನಾ ಪಾನಾ ಆಗಿಯೇ ಉಳಿದಿದೆ. ಹುಡುಗ ದಖನಿಯಲ್ಲಿ “ಬಾರಾ-ತೇರಾ ದಿಖಾವ್ ಭಾಯಿ” ಎಂದದ್ದೇ ತಡ, ವಯಸ್ಸಾದ ಅಂಗಡಿಯವರು ಗಲ್ಲಾ ಬಿಟ್ಟು ಎದ್ದು ಬಂದರು.

ಕೌಂಟರಿನ ಮೇಲೆ ಮೂರು ತರಹದ ಪಾನಾ ಬಂದವು. ಒಂದು ನಾಸಿಕದಲ್ಲಿ ಕಾರ್ಖಾನೆ ಇರುವ ಟಪಾರಿಯಾ. ನಮ್ಮ ದೇಶದ ಎಲೆಕ್ಟ್ರಿಷಿಯನ್ನು, ಮೆಕ್ಯಾನಿಕ್ಕುಗಳ ಚೀಲದಲ್ಲಿ ಸಾಮಾನ್ಯವಾಗಿ ಕಾಣುವ ಹೆಸರು. ಇನ್ನೊಂದು 1843ರಲ್ಲಿ ಅಮೆರಿಕದಲ್ಲಿ ಶುರುವಾದ ಸ್ಟ್ಯಾನ್ಲಿ. ಹೊಳಪು ಹೆಚ್ಚು, ಬೆಲೆಯೂ ಹೆಚ್ಚು. ಮೂರನೆಯದಕ್ಕೆ ನನಗೆ ಗೊತ್ತಿರುವ ಹೆಸರಿರಲಿಲ್ಲ, ಬೆಲೆ ಮೊದಲಿನದರ ಅರ್ಧ. ಮೂರರ ಮೇಲೂ ‘ಕ್ರೋಮ್ ವೆನೇಡಿಯಂ’ ಎಂದೇ ಬರೆದಿತ್ತು. ನನ್ನ ಎಕ್ಸೆಲ್ಲಿನಲ್ಲಿ ಅದಕ್ಕೊಂದು ಕಾಲಂ ಇತ್ತು. ಅಲ್ಲಿಗೆ ಆ ಕಾಲಂ ಕೆಲಸಕ್ಕೆ ಬಾರದಾಯಿತು.

ಹುಡುಗ ಜೇಬಿನಿಂದ ಹೊಸ ಬೋಲ್ಟೊಂದನ್ನು ತೆಗೆದ. ಒಂದೊಂದೇ ಪಾನಾದ ಬಾಯಿಗೆ ಕೂರಿಸಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಅಗ್ಗದ್ದು ಗಡಗಡ ಅಂದಿತು. ಉಳಿದ ಎರಡರಲ್ಲಿ ಸದ್ದೇ ಇರಲಿಲ್ಲ.

“ಈ ಸಂದಿ ನೋಡ್ರಿ ಮಾಮಾ. ಜಂಗ್ ಹಿಡದ ನಟ್ಟಿಗೆ ಜೋರು ಹಾಕಿದ್ರ ಮೂಲಿ ಸವದು ಗುಂಡಗ ಆಗ್ತದ. ಪಾನಾ ಜಾರ್ತದ, ಕೈ ಹೋಗಿ ಇಂಜಿನ್ ಫಿನ್ನಿಗೆ ಬಡೀತದ.” ಬಲಗೈ ಚಾಚಿದ. ಬೆರಳ ಗಂಟುಗಳ ಮೇಲೆ ಎರಡು ಬಿಳಿ ಗೆರೆ. “ಇವು ಅಗ್ಗದ ಪಾನಾದವು.”

ಆ ಕೈ ನೋಡಿದ ಮೇಲೆ ನಾನು ಬೆಲೆಯ ಮಾತೆತ್ತಲಿಲ್ಲ. ಕಲಿಯುವುದು ಇನ್ನೂ ಇತ್ತು. ಬಾಯಿ ತೆರೆದ ಫಿಕ್ಸ್ ಪಾನಾ ನಟ್ಟಿನ ಎರಡು ಮೂಲೆಗಳ ಮೇಲಷ್ಟೇ ಬಲ ಹಾಕುತ್ತದೆ. ರಿಂಗ್ ಪಾನಾ ಆರೂ ಮೂಲೆಗಳನ್ನು ಹಿಡಿಯುತ್ತದೆ. ಹಾಗಾಗಿ ಬಿಗಿ ಬಿಡಿಸಲು ರಿಂಗು, ಬೇಗ ತಿರುಗಿಸಲು ಫಿಕ್ಸು. ರಿಂಗಿನ ಗೋಡೆ ತೆಳುವಾಗಿರಬೇಕು, ಆದರೆ ಬಿರುಕು ಬಿಡಬಾರದು. ಉಕ್ಕಿನ ಹದ ಗೊತ್ತಾಗುವುದು ಅಲ್ಲೇ. ಜಪಾನಿ ವಿನ್ಯಾಸದ ಬೈಕುಗಳಲ್ಲಿ 8, 10, 12, 14, 17 ಹೆಚ್ಚು ಬಳಕೆ. ಅವುಗಳ ಸ್ಕ್ರೂ ತಲೆ ನೋಡಲು ಮಾಮೂಲಿ ಪ್ಲಸ್ಸಿನಂತಿದ್ದರೂ ಅಳತೆ ಸ್ವಲ್ಪ ಬೇರೆ, ಸಾದಾ ಸ್ಕ್ರೂಡ್ರೈವರ್ ಜಾರಿ ತಲೆ ಕೆಡಿಸುತ್ತದೆ.

ಅಂಗಡಿಯವರು ನನ್ನ ಕಡೆ ತಿರುಗಿ, “ಹಿಂದೆ ಗೆಡೋರ್ ಬರುತ್ತಿತ್ತು ಸಾಬ್” ಎಂದರು. ನನಗೆ ಥಟ್ಟನೆ ಅಪ್ಪನ ಲಾರಿಯ ಪೆಟ್ಟಿಗೆ ನೆನಪಾಯಿತು. ಅದರಲ್ಲಿ ಆ ಹೆಸರಿನ ದಪ್ಪ ರಿಂಗ್ ಪಾನಾ ಒಂದಿತ್ತು. ಜರ್ಮನಿಯ ರೆಮ್‌ಶೈಡ್ ಊರಿನ ಡೊವಿಡಾಟ್ ಸೋದರರು 1919ರಲ್ಲಿ ಶುರು ಮಾಡಿದ ಕಂಪನಿ. ಸೋದರರು, ಮನೆತನ, ಊರು, ಮೂರರ ಮೊದಲಕ್ಷರಗಳು ಕೂಡಿ ಗೆಡೋರ್. ಭಾರತದಲ್ಲೂ ಆ ಹೆಸರಿನ ಟೂಲ್ಸ್ ತಯಾರಾಗುತ್ತಿದ್ದವು. ಅಪ್ಪ ತೀರಿಕೊಂಡಾಗ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಎಂದವನು ನಾನೇ. “ಅಪ್ಪನ ಪಾನಾ...” ಎಂದು ರಾಗ ಎಳೆದೆ.

“ಅವ್ವ ಹಾಕ್ಲಿಕ್ಕಿ ಬಿಡ್ಲಿಲ್ರಿ. ಮುತ್ಯಾನ ಪಾನಾ ನನ್ನ ಹತ್ರನೇ ಅದ. ಇನ್ನೂ ಬೋಲ್ಟಿನ ಮ್ಯಾಲ ಅಲುಗಾಡಂಗಿಲ್ಲ.” ಅವನು ನನ್ನ ಮುಖ ನೋಡದೆ ಗೋಟಿಗಳನ್ನು ಎಣಿಸುತ್ತ ಹೇಳಿದ.

ನಾನು ಇಟ್ಟುಕೊಂಡಿದ್ದು ಹದಿನೈದು ಸಾವಿರ. ಅವನು ಅದನ್ನು ಹಂಚಿದ ರೀತಿ ನನ್ನ ಪಟ್ಟಿಗಿಂತ ಚೆನ್ನಾಗಿತ್ತು. ಜಾರಿದರೆ ಕೈಗೆ ಅಥವಾ ಗಿರಾಕಿಯ ಗಾಡಿಗೆ ಪೆಟ್ಟಾಗುವ ಸಾಮಾನಿಗೆ ಒಳ್ಳೆಯ ಬ್ರ್ಯಾಂಡು: ರಿಂಗ್ ಪಾನಾ, ಆರು ಮೂಲೆಯ ಗೋಟಿ, ರ‍್ಯಾಚೆಟ್, ಸ್ಕ್ರೂಡ್ರೈವರ್, ಪಕ್ಕಡ್. ಸುತ್ತಿಗೆ, ಟ್ರೇ, ಗ್ರೀಸ್ ಗನ್ನು, ಪೆಟ್ಟಿಗೆಗೆ ಅಗ್ಗದ್ದೇ ಸಾಕು ಎಂದ. 10ರ ಪಾನಾ ಮಾತ್ರ ಮೂರು. ಯಾಕೆ ಎಂದರೆ, “ಅದು ಭಾಳ ಕಳೀತದ್ರಿ.” ಪ್ರತಿ ಪೀಸನ್ನೂ ಬೋಲ್ಟಿಗೆ ಹಾಕಿ ನೋಡಿದ. ಒಳ್ಳೆಯ ಬ್ರ್ಯಾಂಡಿನದರಲ್ಲೂ ಒಂದನ್ನು ವಾಪಸ್ ಇಟ್ಟ. ಅಂಗಡಿಯವರು ಬೇಸರಪಡದೆ ಬೇರೆ ಕೊಟ್ಟರು. ನಕಲಿ ಮಾಲಿನ ಕಾಲದಲ್ಲಿ ಹೆಸರು ಓದಿ ಕೊಳ್ಳುವವನಿಗಿಂತ ಬೋಲ್ಟು ತಂದವನಿಗೆ ಅಂಗಡಿಯಲ್ಲಿ ಮರ್ಯಾದೆ ಜಾಸ್ತಿ ಎಂದು ಕಂಡಿತು.

ಸಂಜೆ ಬಸ್ಸಿಗೆ ಬಿಡುವಾಗ ಪೆಟ್ಟಿಗೆ ಎತ್ತಲು ನಾನೂ ಕೈ ಹಾಕಿದೆ. ಭಾರವಿತ್ತು.

ಹದಿನೈದು ದಿನದ ನಂತರ ಫೋಟೊ ಬಂತು. ಗ್ಯಾರೇಜಿನ ಗೋಡೆಗೆ ಹಲಗೆ, ಅದರ ಮೇಲೆ ಸಾಲಾಗಿ ಪಾನಾಗಳು. ಎಲ್ಲಕ್ಕಿಂತ ಮೇಲಿನ ಮೊಳೆಯಲ್ಲಿ ಕಪ್ಪಾದ, ದಪ್ಪನೆಯ ಒಂದು ರಿಂಗ್ ಪಾನಾ. ಕೆಳಗೆ ಅವನ ಸಾಲು: “ಮಾಮಾ, 10ರದು ಒಂದು ಆಗಲೇ ಕಳದದ.”