ಸವಕಳಿಯ ಲೆಕ್ಕ

ಸವಕಳಿ ಎಂಬ ಪಾಠವನ್ನು ವಾಣಿಜ್ಯ ವಿಭಾಗದ ನಾವೆಲ್ಲ ಪ್ರಥಮ ಪಿಯುಸಿಯಲ್ಲಿ ಓದಿದ್ದೇವೆ. ಯಂತ್ರದ ಕೊಂಡ ಬೆಲೆಯಿಂದ ಗುಜರಿ ಬೆಲೆ ಕಳೆಯಬೇಕು, ಉಳಿದದ್ದನ್ನು ಅದರ ಆಯುಷ್ಯದ ವರ್ಷಗಳಿಂದ ಭಾಗಿಸಬೇಕು, ಪ್ರತಿ ವರ್ಷ ಮಾರ್ಚ್ 31ಕ್ಕೆ ಅಷ್ಟನ್ನು ಖರ್ಚಿಗೆ ಬರೆಯಬೇಕು. ಲೆಕ್ಕ ಸುಲಭ, ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಒಂದು ವಸ್ತು ನಿಜವಾಗಿ ಎಲ್ಲಿ ಸವೆಯುತ್ತದೆ, ಸವೆದದ್ದು ಹೇಗೆ ಕಾಣುತ್ತದೆ ಎಂಬುದನ್ನು ನಾನು ನೋಡಿದ್ದು ಈ ದಸರಾ ರಜೆಯಲ್ಲಿ, ನಮ್ಮ ಕಾರಿನ ಪಕ್ಕ ಗೋಣಿಚೀಲದ ಮೇಲೆ ಮಲಗಿಕೊಂಡು.

ನಮ್ಮ ಊರು ಚನ್ನಪಟ್ಟಣ. ಮನೆಯವರು ಬೊಂಬೆ ಕೆಲಸದವರು. ದಾದಾ ಲೇತ್ ಮೇಲೆ ಹಾಲೆಮರದ ತುಂಡನ್ನು ಕಡೆದು ಅರಗಿನ ಬಣ್ಣ ಹಾಕುತ್ತಿದ್ದರು. ಅಬ್ಬಾ ಈಗ ಮಾಡುವುದು ಮಾರಾಟ. ಮೊದಲು ಬೆಂಗಳೂರು–ಮೈಸೂರು ರಸ್ತೆ ನಮ್ಮ ಊರಿನ ನಡುವೆಯೇ ಹೋಗುತ್ತಿತ್ತು. ಕಾರು, ಬಸ್ಸುಗಳು ಬೊಂಬೆ ಅಂಗಡಿಗಳ ಮುಂದೆ ತಾವಾಗಿಯೇ ನಿಲ್ಲುತ್ತಿದ್ದವು. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ದೂರದ ವಾಹನಗಳು ಊರಿನ ಹೊರಗಿನಿಂದಲೇ ಹೋಗಿಬಿಡುತ್ತವೆ. ಗಿರಾಕಿ ಬರದಿದ್ದರೆ ಮಾಲನ್ನು ನಾವೇ ಒಯ್ಯಬೇಕು. ಹನ್ನೆರಡು ವರ್ಷ ಹಳೆಯ ಚಿಕ್ಕ ಕಾರೊಂದರ ಹಿಂದಿನ ಸೀಟು ಮಡಚಿ, ಅದರಲ್ಲಿ ಬೊಂಬೆಯ ಡಬ್ಬಗಳನ್ನು ತುಂಬಿಕೊಂಡು ಅಬ್ಬಾ ವಾರಕ್ಕೆ ಎರಡು ಬಾರಿ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಅಂಗಡಿಗಳಿಗೆ ಹೋಗುತ್ತಾರೆ. ನಮ್ಮ ಮನೆ ನಡೆಯುವುದು ಆ ಕಾರಿನ ಮೇಲೆ.

ಎರಡು ತಿಂಗಳಿಂದ ಕಾರು ಸದ್ದು ಮಾಡುತ್ತಿತ್ತು. ಹಂಪ್ ಹತ್ತಿ ಇಳಿಯುವಾಗ ಮುಂದಿನ ಎಡ ಚಕ್ರದ ಹತ್ತಿರ 'ಟಕ್' ಎನ್ನುವುದು. ಬ್ರೇಕ್ ಹಾಕಿದರೆ ಗಾಡಿ ಎಡಕ್ಕೆ ಎಳೆಯುವುದು. ಎಡ ಟೈರಿನ ಒಳ ಅಂಚು ಮಾತ್ರ ಬೋಳಾಗಿತ್ತು. ಅಮ್ಮಿ ಆ ಕಾರಿನಲ್ಲಿ ಕೂರುವುದನ್ನೇ ಬಿಟ್ಟರು. ಗ್ಯಾರೇಜಿನವರು ನೋಡಿ, ಎರಡೂ ಕಡೆಯ ಲೋವರ್ ಆರ್ಮ್ ಪೂರ್ತಿ ಬದಲಾಯಿಸಬೇಕು, ಕೂಲಿ ಮತ್ತು ವ್ಹೀಲ್ ಅಲೈನ್‌ಮೆಂಟ್ ಸೇರಿ 6,800 ರೂಪಾಯಿ ಆಗುತ್ತದೆ ಎಂದರು. ಅದೇ ವಾರ ಆಪಾಳ ಕಾಲೇಜಿನ ಫೀಸ್ ಕಟ್ಟಬೇಕಿತ್ತು. ಹಳೆ ಕಾರು ಕೊಳ್ಳುವ ಒಬ್ಬರು ಎರಡು ಸಲ ಮನೆಗೆ ಬಂದು ಹೋದರು. ಮಾರಿಬಿಡುವ ಮಾತು ಊಟದ ಹೊತ್ತಿನಲ್ಲಿ ದಿನವೂ ಬರತೊಡಗಿತು. ಕಾರು ಹೋದರೆ ಬಸ್ಸಿನಲ್ಲಿ ಎಷ್ಟು ಡಬ್ಬ ಒಯ್ಯಲು ಸಾಧ್ಯ ಎಂದು ಅಮ್ಮಿ ಕೇಳಿದಾಗ ಯಾರೂ ಉತ್ತರ ಕೊಡಲಿಲ್ಲ.

ನಾನು ಪುಸ್ತಕದ ಲೆಕ್ಕ ಹಾಕಿದೆ. ಆದಾಯ ತೆರಿಗೆಯ ನಿಯಮದಲ್ಲಿ ವ್ಯವಹಾರಕ್ಕೆ ಬಳಸುವ ಕಾರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇ 15 ಸವಕಳಿ. ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಲೆಕ್ಕ. ಹಾಗೆ ನೋಡಿದರೆ ನೂರು ರೂಪಾಯಿಯ ಕಾರು ಹನ್ನೆರಡು ವರ್ಷಕ್ಕೆ ಸುಮಾರು 14 ರೂಪಾಯಿಗೆ ಇಳಿಯುತ್ತದೆ. ಇದನ್ನು ಅಬ್ಬಾಗೆ ತೋರಿಸಿದೆ. ಅವರು ಹಾಳೆಯನ್ನು ನೋಡಿ ಕೇಳಿದರು: "ನಿಮ್ಮ ಪುಸ್ತಕದಲ್ಲಿ ಇಡೀ ಕಾರು ಒಂದೇ ಸಮನೆ ಸವೆಯುತ್ತದಾ, ಬೇಟಾ? ಇಂಜಿನ್ ಚೆನ್ನಾಗಿದೆ. ಗೇರ್ ಚೆನ್ನಾಗಿದೆ. ಘಿಸ್ ಹೋಗಿರುವುದು ಇಷ್ಟೇ ಇಷ್ಟು ರಬ್ಬರ್." ಹೆಬ್ಬೆರಳು ಮತ್ತು ತೋರುಬೆರಳನ್ನು ಬಳೆಯಂತೆ ಮಾಡಿ ತೋರಿಸಿದರು.

ಆಮೇಲೆ ಮಂಚದ ಕೆಳಗಿನಿಂದ ಒಂದು ತಗಡಿನ ಪೆಟ್ಟಿಗೆಯನ್ನು ಎಳೆದರು. ಅದರೊಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ರಿಂಗ್ ಸ್ಪ್ಯಾನರ್‌ಗಳು, ಸಾಕೆಟ್‌ಗಳು, ಒಂದು ಚಾಣ, ಒಂದು ಗಿಡ್ಡ ಸುತ್ತಿಗೆ. ಅಬ್ಬಾ ಹದಿನಾಲ್ಕನೇ ವಯಸ್ಸಿನಿಂದ ಎಂಟು ವರ್ಷ ಬೆಂಗಳೂರಿನ ಜೆ.ಸಿ. ರಸ್ತೆಯ ಹತ್ತಿರ ಒಂದು ಗ್ಯಾರೇಜಿನಲ್ಲಿದ್ದರು ಎಂಬುದು ನನಗೆ ಗೊತ್ತಿತ್ತು. ಆದರೆ ಅವರು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ದಾದಾಗೆ ಕಾಯಿಲೆಯಾದಾಗ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ನಾನು ಚಿಕ್ಕವನಿದ್ದಾಗ ಕಾರಿನ ಬಾನೆಟ್ ಎತ್ತಿದ್ದರೆ ಸಾಕು, ನನ್ನನ್ನು ಒಳಗೆ ಕಳಿಸುತ್ತಿದ್ದರು. "ನಿನ್ನ ಕೈ ಕಪ್ಪಾಗಬಾರದು, ಪೆನ್ನು ಹಿಡಿಯಬೇಕು" ಎನ್ನುವುದೇ ಅವರ ಮಾತು. ಆ ದಿನ ಮಾತ್ರ, "ಭಾನುವಾರ ಒಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ, ನೀನು ಬೇಕು" ಎಂದರು.

ಬುಷ್ ಎಂದರೆ ಏನು ಎಂದು ನಮ್ಮ ತರಗತಿಯಲ್ಲಿ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರಲಾರದು, ನನಗೂ ಗೊತ್ತಿರಲಿಲ್ಲ. ನಮ್ಮದರಂಥ ಚಿಕ್ಕ ಕಾರುಗಳಲ್ಲಿ ಮುಂದಿನ ಪ್ರತಿ ಚಕ್ರವನ್ನು ಕೆಳಗಿನಿಂದ ಹಿಡಿದುಕೊಂಡಿರುವ ಒಂದು ಉಕ್ಕಿನ ತೋಳು ಇರುತ್ತದೆ. ಅದೇ ಲೋವರ್ ಆರ್ಮ್. ತೋಳಿನ ಒಂದು ತುದಿ ಬಾಲ್ ಜಾಯಿಂಟ್ ಮೂಲಕ ಚಕ್ರದ ಕಡೆಗೆ, ಇನ್ನೊಂದು ಕಡೆ ಎರಡು ಬುಷ್‌ಗಳ ಮೂಲಕ ಗಾಡಿಯ ಚೌಕಟ್ಟಿಗೆ. ಬುಷ್ ಎಂದರೆ ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಕೊಳವೆ, ಎರಡರ ನಡುವೆ ಅಂಟಿಕೊಂಡಿರುವ ರಬ್ಬರ್. ಚಕ್ರ ಗುಂಡಿಗೆ ಇಳಿದಾಗ ತೋಳು ಮೇಲೆ ಕೆಳಗೆ ಆಡುತ್ತದೆ. ಆಗ ಆ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ಹೊಡೆತವನ್ನು ತಾನು ತಿನ್ನುತ್ತದೆ. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದರು. ಆ ವಿದ್ಯೆ ಇಲ್ಲದಿದ್ದರೆ ರಬ್ಬರ್ ಬಿಸಿಲಿಗೆ ಅಂಟಾಗಿ, ಚಳಿಗೆ ಪೆಡಸಾಗಿ, ಇಂಥ ಕೆಲಸಕ್ಕೆ ಬರುತ್ತಿರಲಿಲ್ಲ. ಆದರೂ ಅದಕ್ಕೆ ಆಯುಷ್ಯವಿದೆ. ಬಿಸಿ, ಧೂಳು, ಎಣ್ಣೆ, ಸಾವಿರಾರು ಹಂಪ್‌ಗಳು ಸೇರಿ ಅದನ್ನು ಸೀಳುತ್ತವೆ. ಆಗ ತೋಳು ಸಡಿಲವಾಗಿ, ಬ್ರೇಕ್ ಹಾಕಿದಾಗ ಚಕ್ರವೇ ತನ್ನ ಜಾಗ ಬಿಟ್ಟು ಸ್ವಲ್ಪ ಹಿಂದೆ ಸರಿಯುತ್ತದೆ. ಅಮ್ಮಿಯ ಹೆದರಿಕೆಗೆ ಕಾರಣವಿತ್ತು.

ಶನಿವಾರ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆವು. ಭಾನುವಾರ ಫಜರ್ ನಮಾಜ್ ಮುಗಿಸಿ ಬಂದು ಕೆಲಸ ಶುರು ಮಾಡಿದೆವು. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳ ಎರಡೂ ಬದಿಗೆ ಕಲ್ಲು ಇಟ್ಟೆವು. ಚಕ್ರದ ನಟ್‌ಗಳನ್ನು ಗಾಡಿ ನೆಲದ ಮೇಲಿದ್ದಾಗಲೇ ಸಡಿಲ ಮಾಡಿ, ನಂತರ ಜಾಕ್ ಏರಿಸಿದೆವು. ಅಬ್ಬಾ ಪಕ್ಕದ ಬೀದಿಯಿಂದ ಎರಡು ಸ್ಟ್ಯಾಂಡ್ ತಂದಿದ್ದರು. ಅವುಗಳ ಮೇಲೆ ಗಾಡಿ ಕೂರುವವರೆಗೆ ನನ್ನನ್ನು ಹತ್ತಿರ ಬಿಡಲಿಲ್ಲ. "ಜಾಕ್ ಇರುವುದು ಎತ್ತಲಿಕ್ಕೆ, ಹೊರಲಿಕ್ಕಲ್ಲ" ಎಂದರು. ಬಿಚ್ಚಿದ ಚಕ್ರವನ್ನೂ ಗಾಡಿಯ ಕೆಳಗೆ ಅಡ್ಡ ಮಲಗಿಸಿದರು. ಸ್ಟ್ಯಾಂಡ್ ಜಾರಿದರೂ ಗಾಡಿ ಅದರ ಮೇಲೆ ಬೀಳಲಿ ಎಂದು. ಜೆ.ಸಿ. ರಸ್ತೆಯಲ್ಲಿ ಜಾಕ್ ಜಾರಿ ತನ್ನ ಜೊತೆಗಾರನೊಬ್ಬನ ಕೈ ಹೋದದ್ದನ್ನು ಅವರು ಹೇಳಿದ್ದು ಅಂದೇ ಮೊದಲು.

ತೋಳನ್ನು ಸರಳಿನಿಂದ ಮೀಟಿದಾಗ ಕಣ್ಣಿಗೆ ಕಾಣುವಷ್ಟು ಅಲ್ಲಾಡಿತು. ಬಿಚ್ಚಿ ಹೊರಗೆ ತೆಗೆದಾಗ ಹಿಂದಿನ ದೊಡ್ಡ ಬುಷ್‌ನ ರಬ್ಬರ್ ಅರ್ಧ ಸುತ್ತು ಹರಿದು ಬಾಯಿ ಬಿಟ್ಟಿತ್ತು. ದೊಡ್ಡ ಬುಷ್‌ನ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಎರಡು ಟೊಳ್ಳುಗಳಿರುತ್ತವೆ. ಹೊಸದನ್ನೂ ಅದೇ ದಿಕ್ಕಿಗೆ ಕೂರಿಸಬೇಕು. ಗುರುತು ಹಾಕಲು ಆಪಾಳ ನೇಲ್ ಪಾಲಿಶ್ ಕೇಳಿದೆ. ಮೊದಲು ಬೈದು, ಆಮೇಲೆ ಹಳೆಯ ಶೀಶೆಯೊಂದನ್ನು ಕೊಟ್ಟಳು. ತೋಳಿನ ಮೇಲೆ ಕೆಂಪು ಗೆರೆ ಎಳೆದೆ.

ಹಳೆ ಬುಷ್ ತೆಗೆಯುವುದೇ ದೊಡ್ಡ ಕೆಲಸ. ಬೆಂಕಿ ಹಚ್ಚಿ ರಬ್ಬರ್ ಸುಡುವವರಿದ್ದಾರೆ. ಆ ಹೊಗೆ ವಿಷ ಎಂದು ಅಬ್ಬಾ ಅದನ್ನು ಮಾಡಲಿಲ್ಲ. ಮಾಮೂ ಅವರ ಬೊಂಬೆ ಕಾರ್ಖಾನೆಯ ವೈಸ್‌ನಲ್ಲಿ ತೋಳನ್ನು ಕಚ್ಚಿಸಿ, ಹ್ಯಾಕ್ಸಾ ಬ್ಲೇಡಿನಿಂದ ರಬ್ಬರ್ ಕತ್ತರಿಸಿ ಒಳ ಕೊಳವೆ ತೆಗೆದೆವು. ಆಮೇಲೆ ಹೊರ ಕೊಳವೆಯನ್ನು ಒಳಗಿನಿಂದ ಉದ್ದಕ್ಕೆ ಕುಯ್ಯಬೇಕು. ಕೊಳವೆ ಪೂರ್ತಿ ತುಂಡಾಗಬೇಕು, ತೋಳಿಗೆ ಗೀರೂ ಬೀಳಬಾರದು. ಬ್ಲೇಡ್ ನನ್ನ ಕೈಯಲ್ಲಿತ್ತು, ಅಬ್ಬಾ ಸದ್ದು ಕೇಳುತ್ತ ನಿಂತಿದ್ದರು. "ಸಾಕು" ಎಂದಾಗ ನಿಲ್ಲಿಸಿದೆ. ಚಾಣ ಇಟ್ಟು ಎರಡು ಪೆಟ್ಟು ಕೊಟ್ಟರು, ಕೊಳವೆ ಒಳಕ್ಕೆ ಮಡಚಿಕೊಂಡು ಹೊರಗೆ ಬಿತ್ತು. ಸದ್ದಿನಿಂದ ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ತೆಳ್ಳಗಾದ ಕಬ್ಬಿಣ ಬೇರೆ ಥರ ಅಳುತ್ತದೆ" ಎಂದರು. ಹೊಸ ಬುಷ್ ಕೂರಿಸಲು ಗ್ರೀಸ್ ಹಚ್ಚೋಣವೇ ಎಂದು ಮಾಮೂ ಕೇಳಿದರು. ಗ್ರೀಸ್ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ, ಸೋಪಿನ ನೀರು ಸಾಕು ಎಂದರು ಅಬ್ಬಾ. ಒಂದು ಕಡೆ ಪೈಪಿನ ತುಂಡು, ಇನ್ನೊಂದು ಕಡೆ ದಪ್ಪ ತಗಡು ಇಟ್ಟು ವೈಸ್ ತಿರುಗಿಸುತ್ತ ಹೋದಂತೆ ಹೊಸ ಬುಷ್ ನೇರವಾಗಿ ಒಳಗೆ ಇಳಿಯಿತು. ಕೆಂಪು ಗೆರೆಗೆ ಸರಿಯಾಗಿ ಕೂತಿತು.

ಜೋಡಿಸುವಾಗ ಅವರು ಹೇಳಿಕೊಟ್ಟ ಒಂದು ವಿಷಯವನ್ನು ಇಲ್ಲಿ ಬರೆಯಲೇಬೇಕು. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಬುಷ್‌ನ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ತೋಳು ಕೆಳಗೆ ಜೋತುಬಿದ್ದ ಸ್ಥಿತಿಯೇ ರಬ್ಬರಿಗೆ ಅದರ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಗಾಡಿ ನೆಲಕ್ಕೆ ಇಳಿದು ಭಾರ ಬಿದ್ದ ಕೂಡಲೇ ಅದು ತಿರುಚಿಕೊಳ್ಳುತ್ತದೆ, ನಿಂತಲ್ಲಿಯೂ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆದ್ದರಿಂದ ತೋಳಿನ ಹೊರತುದಿಯ ಕೆಳಗೆ ಜಾಕ್ ಕೊಟ್ಟು, ಗಾಡಿ ಸ್ಟ್ಯಾಂಡಿನಿಂದ ಕೂದಲೆಳೆಯಷ್ಟು ಮೇಲೇಳುವವರೆಗೆ ಎತ್ತಿ, ತೋಳಿನ ಮೇಲೆ ಭಾರ ಬಂದ ನಂತರವೇ ಕೊನೆಯ ಬಿಗಿ. ಸ್ಟ್ಯಾಂಡ್ ಮಾತ್ರ ಅಲ್ಲೇ ಇರಬೇಕು. ಆತುರದಲ್ಲಿ ಇದನ್ನು ಬಿಟ್ಟು, ಹೊಸ ಬುಷ್ ಕಳಪೆ ಎಂದು ಅಂಗಡಿಯವನನ್ನು ಬೈಯುವವರು ಬಹಳ ಜನ ಎಂದರು ಅಬ್ಬಾ.

ಎಡಗಡೆಗೆ ಐದು ಗಂಟೆ ಹಿಡಿಯಿತು. ಜೊಹರ್ ಹೊತ್ತಿಗೆ ನಮ್ಮಿಬ್ಬರ ಕೈಗಳೂ ಕಪ್ಪು. ಜಿಡ್ಡಿನ ಪದರ ಇದ್ದರೆ ನೀರು ಚರ್ಮಕ್ಕೆ ತಾಗುವುದಿಲ್ಲ, ವಝೂ ಆಗುವುದಿಲ್ಲ. ಅಬ್ಬಾ ಕೊಬ್ಬರಿ ಎಣ್ಣೆ ಮತ್ತು ಸಕ್ಕರೆ ತರಿಸಿ ನನ್ನ ಕೈಗೆ ಹಾಕಿ, ಉಗುರಿನ ಸಂದುಗಳನ್ನು ತಾವೇ ಉಜ್ಜಿದರು. ಗ್ಯಾರೇಜಿನಲ್ಲಿದ್ದಾಗ ಮರದ ಹೊಟ್ಟು ಮತ್ತು ಸೀಮೆಎಣ್ಣೆಯಲ್ಲಿ ದಿನಕ್ಕೆ ಮೂರು ಸಲ ಹೀಗೆ ಉಜ್ಜುತ್ತಿದ್ದರಂತೆ. ಈದ್‌ಗೆ ಊರಿಗೆ ಬಂದಾಗ ನೆಂಟರ ಮುಂದೆ ಕೈ ಮುಚ್ಚಿಟ್ಟುಕೊಳ್ಳುತ್ತಿದ್ದರಂತೆ. ಪೆನ್ನಿನ ಮಾತು ಎಲ್ಲಿಂದ ಬಂದದ್ದು ಎಂದು ನನಗೆ ಆಗ ಅರ್ಥವಾಯಿತು. ಬಲಗಡೆಯದು ಮೂರು ಗಂಟೆಯಲ್ಲಿ ಮುಗಿಯಿತು.

ಸೋಮವಾರ ಅಲೈನ್‌ಮೆಂಟ್ ಮಾಡಿಸಿದೆವು. ತೋಳು ಬಿಚ್ಚಿದ ಮೇಲೆ ಅದನ್ನು ಬಿಡುವಂತಿಲ್ಲ. ಸುಮಾರು ನೂರು ಕಿಲೋಮೀಟರ್ ಓಡಿದ ನಂತರ ಬೋಲ್ಟ್‌ಗಳನ್ನು ಮತ್ತೊಮ್ಮೆ ನೋಡಿದೆವು. ಹಂಪ್ ಮೇಲೆ ಸದ್ದಿಲ್ಲ, ಬ್ರೇಕ್ ಹಾಕಿದರೆ ಗಾಡಿ ನೇರ ನಿಲ್ಲುತ್ತದೆ. ಬುಧವಾರ ಅಮ್ಮಿ ಮುಂದಿನ ಸೀಟಿನಲ್ಲಿ ಕೂತು ಮೈಸೂರಿಗೆ ಹೋಗಿಬಂದರು. ಹಳೆ ಕಾರು ಕೊಳ್ಳುವವರಿಗೆ ಅಬ್ಬಾ ಫೋನ್ ಮಾಡಿ, ಕಾರು ಕೊಡುವುದಿಲ್ಲ ಎಂದರು.

ನಾನು ಖರ್ಚು ಬರೆದೆ. ಚಿಕ್ಕ ಬುಷ್ ಎರಡು 260, ದೊಡ್ಡ ಬುಷ್ ಎರಡು 480, ಸ್ಪ್ರೇ 180, ಬ್ಲೇಡ್ 40, ಸಣ್ಣಪುಟ್ಟದ್ದು 20, ಅಲೈನ್‌ಮೆಂಟ್ 400. ಒಟ್ಟು 1,380 ರೂಪಾಯಿ. ಗ್ಯಾರೇಜಿನ ಅಂದಾಜಿಗಿಂತ 5,420 ಕಡಿಮೆ. ಆದರೆ ಈ ಎರಡು ಮೊತ್ತಗಳನ್ನು ಹೀಗೆ ಹೋಲಿಸುವುದು ಪೂರ್ತಿ ಸರಿಯಲ್ಲ. ಗ್ಯಾರೇಜಿನವರು ಹೊಸ ತೋಳನ್ನೇ ಹಾಕುತ್ತಿದ್ದರು, ಅದರಲ್ಲಿ ಅವರ ಹುಡುಗರ ಕೂಲಿಯೂ ಇತ್ತು. ನಮ್ಮ ಲೆಕ್ಕದಲ್ಲಿ ಕೂಲಿಯೇ ಇಲ್ಲ. ಹಣದಲ್ಲಿ ಅಳೆಯಬಹುದಾದದ್ದು ಮಾತ್ರ ಲೆಕ್ಕದ ಪುಸ್ತಕಕ್ಕೆ ಬರುತ್ತದೆ ಎಂದು ನಾವು ಓದಿದ್ದೇವೆ. ಎಂಟು ವರ್ಷ ಕಲಿತು, ಇಪ್ಪತ್ತೆರಡು ವರ್ಷ ಮಂಚದ ಕೆಳಗೆ ಮುಚ್ಚಿಟ್ಟ ವಿದ್ಯೆಯನ್ನು ಯಾವ ಖಾತೆಯಲ್ಲಿ ಬರೆಯುವುದು? ಬಳಸದೆ ಇಟ್ಟರೂ ಅದು ಸವೆದಿರಲಿಲ್ಲ. ಯಾವ ಶೇಕಡಾ ದರವೂ ಅದಕ್ಕೆ ಹೊಂದುವುದಿಲ್ಲ.

ಹಾಳೆಯನ್ನು ಅಬ್ಬಾಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದರು.

"ಎಲ್ಲ ಸರಿ. ನಿನ್ನ ಕೂಲಿ ಎಲ್ಲಿ?"

"ಮಾಲೀಕರ ದುಡಿಮೆಗೆ ಕೂಲಿ ಬರೆಯುವುದಿಲ್ಲ, ಅಬ್ಬಾ."

"ಓಹೋ, ನೀನು ಯಾವಾಗ ಮಾಲೀಕನಾದೆ?" ಎಂದು ನಕ್ಕರು. ಹಾಳೆಯನ್ನು ಮಡಚಿ ಕಾರಿನ ದಾಖಲೆಗಳ ಜೊತೆ ಇಟ್ಟರು. ನಂತರ, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಹಿಂದಿನ ಬ್ರೇಕ್ ಬಿಚ್ಚಿ ನೋಡೋಣ ಎಂದರು.