ಹಳದಿ ಕೇಬಲ್ಲಿನ ಎರಡು ತುದಿ

ದೋಣಿ ಇಟ್ಟುಕೊಂಡವರಿಗೆ ಹೆಸರು ತರುವ ಕೆಲಸಗಳೇ ಬೇರೆ. ಮರಕ್ಕೆ ವಾರ್ನಿಷ್ ಬಳಿದರೆ ಹೋಗುವವರು ಬರುವವರು ನಿಂತು ನೋಡುತ್ತಾರೆ. ದಂಡೆಯ ಕರೆಂಟು ಕಂಬದಿಂದ ದೋಣಿಗೆ ವಿದ್ಯುತ್ತು ತರುವ ಹಳದಿ ಕೇಬಲ್ಲನ್ನು ತೊಳೆದವರನ್ನು ಮಾತ್ರ ಯಾರೂ ಹೊಗಳುವುದಿಲ್ಲ. ಮಳೆ, ಬಿಸಿಲು, ಪಾಚಿ, ಸೀಗಲ್ ಹಕ್ಕಿಯ ಹಿಕ್ಕೆ ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ಅದು ಕಟ್ಟೆಯ ಹಲಗೆಯ ಮೇಲೆ ಬಿದ್ದಿರುತ್ತದೆ. ಆದರೂ ದೋಣಿಯ ಆರೈಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ಇದೇ. ಇದರಲ್ಲಿ ಸೋಪುನೀರು ಬರೀ ನೆಪ. ಐವತ್ತಡಿ ಉದ್ದದ ಕೇಬಲ್ಲಿನ ಒಂದೊಂದು ಗೇಣಿನ ಮೇಲೂ ಬೆರಳು ಹರಿದು, ಕೊನೆಗೆ ಎರಡು ತುದಿಗಳ ಬಳಿ ನಿಲ್ಲಬೇಕು ಎಂಬುದೇ ಅಸಲು ಉದ್ದೇಶ. ಕೇಬಲ್ ಕೆಡುವುದು ಬಹುಮಟ್ಟಿಗೆ ಅಲ್ಲೇ, ಅದೂ ಸದ್ದಿಲ್ಲದೆ.

ಅಮೆರಿಕದ ಸಿಯಾಟಲ್‌ನ ಲೇಕ್ ಯೂನಿಯನ್ ಸರೋವರವನ್ನೇ ತೆಗೆದುಕೊಳ್ಳಿ. ಅಲ್ಲಿ ವರ್ಷವಿಡೀ ದೋಣಿಯಲ್ಲೇ ಸಂಸಾರ ಹೂಡಿದವರಿದ್ದಾರೆ. ಚಳಿಗಾಲವೆಂದರೆ ತಿಂಗಳುಗಟ್ಟಲೆ ಜಿನುಗುಮಳೆ, ದೋಣಿಯೊಳಗೆ ಹಗಲೂ ರಾತ್ರಿ ಹೀಟರು. ಸಾಮಾನ್ಯ ದೋಣಿಗೆ ಸಿಗುವುದು 120 ವೋಲ್ಟಿನ, 30 ಆಂಪಿಯರಿನ ಒಂದು ಲೈನು. 1500 ವ್ಯಾಟಿನ ಒಂದು ಹೀಟರು ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ, ಎರಡಾದರೆ 25. ಆ ಕೇಬಲ್ಲಿನೊಳಗಿನ ತಾಮ್ರದ ವೈರು ಅಲ್ಲಿನ ಲೆಕ್ಕದಲ್ಲಿ ಹತ್ತನೇ ಗೇಜಿನದು. ಸಾವಿರ ಅಡಿಗೆ ಅದರ ತಡೆ ಸುಮಾರು ಒಂದು ಓಮ್. ಹೋಗಿ ಬರುವ ದಾರಿ ಸೇರಿ ನೂರಡಿಗೆ ಓಮಿನ ಹತ್ತನೇ ಒಂದು ಪಾಲು. 25 ಆಂಪಿಯರ್ ಹರಿದಾಗ ಇಡೀ ಕೇಬಲ್ಲಿನಲ್ಲಿ ಹುಟ್ಟುವ ಶಾಖ ಅರವತ್ತೆರಡೂವರೆ ವ್ಯಾಟ್. ಅದು ಐವತ್ತಡಿಯ ಉದ್ದಕ್ಕೂ ಹಂಚಿಹೋಗುವುದರಿಂದ ಮುಟ್ಟಿದರೆ ಕೇಬಲ್ ಉಗುರುಬೆಚ್ಚಗಿದ್ದೀತು, ಅಷ್ಟೇ. ಈಗ ಪ್ಲಗ್ಗಿನ ಒಂದೇ ಒಂದು ಪಿನ್ನಿಗೆ ಕಿಲುಬು ಹಿಡಿದು, ಅಲ್ಲಿಯೂ ಅಷ್ಟೇ ತಡೆ ಸೇರಿಕೊಂಡಿತೆನ್ನಿ. ಅದೇ ಅರವತ್ತೆರಡೂವರೆ ವ್ಯಾಟ್ ಈಗ ಕಡಲೆಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ, ರಾತ್ರಿಯಿಡೀ ಉರಿಯುತ್ತದೆ. ಊರಿನ ಮನೆಗಳಲ್ಲಿ ಗೀಸರಿನ ಪ್ಲಗ್ಗು ಕಂದುಗಟ್ಟಿ ವಾಸನೆ ಹೊಡೆಯುವುದನ್ನು ನೋಡಿದವರಿಗೆ ಇದರ ಮುಂದಿನ ಕಥೆ ಹೇಳಬೇಕಾಗಿಲ್ಲ.

‘ಬ್ರೇಕರ್ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ’ ಎಂಬುದು ಮೊದಲು ಬರುವ ಮಾತು. ಬ್ರೇಕರ್ ನೋಡುವುದು ಎಷ್ಟು ಕರೆಂಟು ಹರಿಯುತ್ತಿದೆ ಎಂಬುದನ್ನು ಮಾತ್ರ. ಪ್ಲಗ್ಗು ಎಷ್ಟು ಕಾದಿದೆ ಎಂಬುದು ಅದಕ್ಕೆ ಸಂಬಂಧಪಟ್ಟ ವಿಷಯವಲ್ಲ. 25 ಆಂಪಿಯರ್ ಅದರ ಮಿತಿಯೊಳಗೇ ಇದೆ. ಕಿಲುಬು ಹೆಚ್ಚಿ ತಡೆ ಏರಿದಷ್ಟೂ ಹರಿಯುವ ಕರೆಂಟು ತುಸು ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಪ್ಲಗ್ಗು ಕರಗುತ್ತಿರುವಾಗಲೂ ಬ್ರೇಕರಿನ ಲೆಕ್ಕದಲ್ಲಿ ಎಲ್ಲವೂ ಕ್ಷೇಮ. ಇನ್ನು ಈ ಕೇಬಲ್ಲಿನ ತಿರುಗಿಸಿ ಬಿಗಿಯುವ ಪ್ಲಗ್ಗಿನ ಮೂಲ ವಿನ್ಯಾಸ 1938ರಷ್ಟು ಹಳೆಯದು, ಅಮೆರಿಕದ ಹಬೆಲ್ ಕಂಪನಿಯದು. ಮೂರು ಬಾಗಿದ ಪಿನ್ನುಗಳನ್ನು ಒಳತೂರಿಸಿ ತುಸು ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಒಳ್ಳೆಯ ಉಪಾಯವೇ. ಆದರೆ ದೋಣಿ ಸುಮ್ಮನೆ ನಿಲ್ಲುವ ವಸ್ತುವಲ್ಲ. ಪಕ್ಕದಲ್ಲಿ ಇನ್ನೊಂದು ದೋಣಿ ಹಾದರೂ ಸಾಕು ಅದು ಹೊಯ್ದಾಡುತ್ತದೆ, ನೇತಾಡುವ ಕೇಬಲ್ಲಿನ ಭಾರವೆಲ್ಲ ದೋಣಿಯ ಕಡೆಯ ಪ್ಲಗ್ಗಿನ ಮೇಲೆ ಜಗ್ಗುತ್ತದೆ. ಪೂರ್ತಿ ತಿರುಗಿಸದೆ, ಹೊರಗಿನ ಬಿಗಿಯುಂಗುರವನ್ನು ಹಾಕದೆ ಬಿಟ್ಟಿದ್ದರೆ ಅದು ಕೂದಲೆಳೆಯಷ್ಟು ಸಡಿಲವಾಗುತ್ತದೆ. ಅಲ್ಲಿ ಸಣ್ಣ ಕಿಡಿ ಹಾರಲು ಅಷ್ಟೇ ಸಾಕು.

ಆದ್ದರಿಂದಲೇ ತೊಳೆಯುವ ಕ್ರಮಕ್ಕೆ ಇಷ್ಟು ಬೆಲೆ. ದೋಣಿಯೊಳಗಿನ ಬ್ರೇಕರನ್ನೂ ಕಂಬದ ಬ್ರೇಕರನ್ನೂ ಆರಿಸಿ, ಕಂಬದ ಕಡೆಯ ತುದಿಯನ್ನು ಮೊದಲು ಕಳಚಬೇಕು, ದೋಣಿಯ ಕಡೆಯದನ್ನು ಆಮೇಲೆ. ಮತ್ತೆ ಹಾಕುವಾಗ ಇದು ತಿರುಗಾಮುರುಗಾ. ಹೀಗೆ ಮಾಡಿದರೆ ಕರೆಂಟಿರುವ ತುದಿಯೊಂದು ಕೈಯಲ್ಲಿರುವಾಗ ಕಾಲು ಜಾರುವ ಪ್ರಸಂಗವೇ ಬರುವುದಿಲ್ಲ. ಆಮೇಲೆ ಬಕೆಟ್ಟಿನ ಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೆಯ ಟವೆಲ್ಲಿನ ತುಂಡನ್ನು ಅದ್ದಿ, ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುತ್ತ ಹೋಗುವುದು. ಪಾಚಿ ಸುಲಭವಾಗಿ ಬಿಡುತ್ತದೆ, ರಬ್ಬರಿನ ಕರಿಗೆರೆ ಹಟ ಮಾಡುತ್ತದೆ. ಆತುರಕ್ಕೆ ಬಿದ್ದು ಅಸಿಟೋನ್ ಬಳಸುವವರಿದ್ದಾರೆ. ಅದು ಕರೆಯ ಜೊತೆಗೆ ಹಳದಿ ಹೊದಿಕೆಯ ಮೇಲ್ಮೈಯನ್ನೂ ಕರಗಿಸಿ ಅಂಟು ಮಾಡಿಬಿಡುತ್ತದೆ, ಮುಂದಿನ ಕೊಳೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಈ ಎಳೆತದಲ್ಲೇ ಬೆರಳಿಗೆ ಸುದ್ದಿ ಸಿಗುವುದು. ಹಲಗೆಯ ಅಂಚಿಗೆ ತಿಕ್ಕಿದ ಗೀರು, ಬಿಸಿಲಿಗೆ ಪೆಡಸಾದ ಜಾಗ, ಯಾರೋ ತಳ್ಳುಗಾಡಿ ಹತ್ತಿಸಿ ಚಪ್ಪಟೆಯಾದ ಭಾಗ. ನಿಂತು ನೋಡಿದರೆ ಇವು ಯಾವುವೂ ಕಾಣುವುದಿಲ್ಲ. ತುದಿಗಳನ್ನೇ ಒರೆಸಿದರೆ ಸಾಲದೇ ಎಂದು ಕೇಳುವವರಿಗೆ ನನ್ನ ಉತ್ತರ ಇದೇ.

ತುದಿಗಳನ್ನು ಬಕೆಟ್ಟಿಗೆ ಅದ್ದಕೂಡದು. ಒಳಹೊಕ್ಕ ನೀರನ್ನು ತಾಮ್ರದ ಎಳೆಗಳು ದೀಪದ ಬತ್ತಿಯ ಹಾಗೆ ದೂರದವರೆಗೆ ಹೀರಿಕೊಳ್ಳುತ್ತವೆ. ಪಿನ್ನನ್ನು ಬೆಳಕಿಗೆ ಹಿಡಿದು ನೋಡಬೇಕು. ಹಸಿರು ಪುಡಿಯಾದರೆ ನುಣುಪಾದ ಉಪ್ಪುಕಾಗದದಿಂದ ಮೆಲ್ಲಗೆ ತೆಗೆಯಬಹುದು. ಮೂರರಲ್ಲಿ ಒಂದು ಮಾತ್ರ ಕಂದಾಗಿದ್ದು ಅದರ ಬುಡದ ಪ್ಲಾಸ್ಟಿಕ್ ಮೆತ್ತಗಾಗಿದ್ದರೆ ಉಜ್ಜುವ ಮಾತು ಮುಗಿಯಿತು, ತುದಿ ಬದಲಿಸಲೇಬೇಕು. ಆ ತುದಿಯನ್ನು ಕತ್ತರಿಸಿದಾಗ ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಇನ್ನಷ್ಟು ಕತ್ತರಿಸಬೇಕು. ಇದೆಲ್ಲ ಯಾಕೆ, ಹೊಸ ಕೇಬಲ್ ಕೊಂಡರಾಯಿತು ಎನ್ನುವುದು ದುಡ್ಡಿದ್ದವರ ವಾದ, ದುಡ್ಡಿದ್ದವರಿಗೂ ನಷ್ಟದ ವಾದ. ದೋಣಿಯ ಮೈಯಲ್ಲಿರುವ ಸಾಕೆಟ್ಟು ಒಮ್ಮೆ ಕಾದು ಹಿಡಿತ ಕಳೆದುಕೊಂಡಿದ್ದರೆ, ಅದಕ್ಕೆ ಸಿಕ್ಕಿಸಿದ ಹೊಸ ಪ್ಲಗ್ಗೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಗ್ರೀಸು ಬಳಿದರೆ ಸಾಕು ಎನ್ನುವವರೂ ಇದ್ದಾರೆ. ಗ್ರೀಸು ತೇವವನ್ನು ತಡೆದೀತು, ಸಡಿಲವಾದದ್ದನ್ನು ಬಿಗಿ ಮಾಡಲಾರದು. ತಿರುಗಿಸುವ ಗೊಡವೆಯೇ ಇಲ್ಲದ, ಅಗಲ ಹಿಡಿತದ ಹೊಸ ಬಗೆಯ ಪ್ಲಗ್ಗುಗಳು ಬಂದಿರುವುದು ನಿಜ, ಒಳ್ಳೆಯವೂ ಹೌದು. ಆದರೆ ಅವು ಇರುವುದು ದೋಣಿಯ ಕಡೆಗೆ. ಕಂಬ ದೋಣಿಕಟ್ಟೆ ನಡೆಸುವ ಮರೀನಾದವರದು, ಅಲ್ಲಿ ಈಗಲೂ ಆ ಹಳೆಯ ಬಾಗುಪಿನ್ನುಗಳೇ.

ದೋಣಿ ನನ್ನದು, ಸುಟ್ಟರೆ ನನ್ನದೇ ಸುಡಲಿ ಎಂಬ ಉಡಾಫೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೇಬಲ್ಲಿನ ಹಸಿರು ವೈರು ಅರ್ತಿಂಗಿನದು. ದೋಣಿಯೊಳಗೆ ಎಲ್ಲೋ ಕರೆಂಟು ಸೋರಿದರೆ ಅದನ್ನು ದಂಡೆಗೆ ಹಿಂದಿರುಗಿಸುವ ಹಾದಿ ಅದೇ. ಆ ಪಿನ್ನು ಕಿಲುಬು ತಿಂದು ಸಂಪರ್ಕ ಕಡಿದಿದ್ದರೆ ಸೋರಿದ ಕರೆಂಟು ನೀರಿಗಿಳಿಯುತ್ತದೆ. ಸಮುದ್ರದ ಉಪ್ಪುನೀರು ಮನುಷ್ಯನ ಮೈಗಿಂತ ಚೆನ್ನಾಗಿ ವಿದ್ಯುತ್ತು ಸಾಗಿಸುವುದರಿಂದ ಈಜುವವನನ್ನು ಬಳಸಿಕೊಂಡು ಹೋದೀತು. ಸರೋವರದ ಸಿಹಿನೀರಿಗೆ ಆ ಶಕ್ತಿ ಇಲ್ಲ, ಅಲ್ಲಿ ಕರೆಂಟಿಗೆ ಮೈಯೇ ಸಲೀಸು. ಸ್ನಾಯು ಸೆಟೆದು ಈಜು ಬಲ್ಲವರೇ ಮುಳುಗುತ್ತಾರೆ. ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಸಾಧನ ಹೊಸ ಮರೀನಾಗಳಲ್ಲಿದೆ, ಹಳೆಯ ಕಟ್ಟೆಗಳಲ್ಲಿ ಎಲ್ಲೆಡೆ ಇಲ್ಲ. ಹೀಗಾಗಿ, ದಿನನಿತ್ಯ ಒಂದಿಷ್ಟೂ ಕರೆಂಟು ಹೊರದ ಆ ಪಿನ್ನನ್ನೇ ಮೊದಲು ಉಜ್ಜುವುದು, ಕೇಬಲ್ಲಿನ ಎರಡೂ ತುದಿಯ ಅರ್ತಿಂಗ್ ಪಿನ್ನುಗಳಿಗೆ ಮೀಟರಿನ ಕಡ್ಡಿ ತಾಗಿಸಿ ಅದು ಬೀಪ್ ಎಂದ ಮೇಲೆಯೇ ಮುಂದಿನದಕ್ಕೆ ಹೋಗುವುದು ನನ್ನ ಪದ್ಧತಿ. ಉಳಿದೆರಡು ಕೆಟ್ಟರೆ ಹೀಟರು ಆರಿಯೋ ವಾಸನೆ ಬಂದೋ ಒಂದು ದಿನ ತಿಳಿಯುತ್ತದೆ. ಇದು ಕೆಟ್ಟರೆ ದೀಪವೂ ಹೀಟರೂ ಎಂದಿನಂತೆಯೇ ಉರಿಯುತ್ತಿರುತ್ತವೆ.